ಕಿವಿಯ ಹಿಂದಿನ ಬಾವು

1959ರ ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಬಬಲೇಶ್ವರದ ದವಾಖಾನೆಗೆ ನರ್ಸ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಅದು ಸರ್ಕಾರದ ದವಾಖಾನೆಯಲ್ಲ, ಒಂದು ಧರ್ಮಾರ್ಥ ಟ್ರಸ್ಟ್ ನಡೆಸುತ್ತಿದ್ದದ್ದು. ಅದೇ ಟ್ರಸ್ಟಿಗೆ ತಿಕೋಟಾದಲ್ಲಿ ಇನ್ನೊಂದು ಸಣ್ಣ ದವಾಖಾನೆ ಇತ್ತು. ಈಗ ವಿಜಯಪುರ ಎನ್ನುವ ವಿಜಾಪುರದಲ್ಲಿ ನಲವತ್ತು ಹಾಸಿಗೆಗಳ ಆಸ್ಪತ್ರೆಯೂ ಇತ್ತು. ಇವತ್ತು ಆ ಮೂರರಲ್ಲಿ ಒಂದೂ ಉಳಿದಿಲ್ಲ.

ಬಬಲೇಶ್ವರದಲ್ಲಿ ನಾನಿದ್ದದ್ದು ಒಂದೂವರೆ ವರ್ಷ. ಅಲ್ಲಿಂದ ಹೊರಡುವಾಗ ಒಬ್ಬ ಡಾಕ್ಟರ ಮೇಲೆ ಹಗೆ ಕಟ್ಟಿಕೊಂಡು ಹೊರಟೆ. ಆ ಹಗೆಯನ್ನು ಆರು ವರ್ಷ ಜೋಪಾನವಾಗಿ ಸಾಕಿದೆ. ಮೂವತ್ತಾರು ವರ್ಷ ದುಡಿದು ನಿವೃತ್ತಳಾದ ಮೇಲೆ ಅನುಭವ ಹೇಳಿ ಎಂದು ಕೇಳಿದವರಿಗೆಲ್ಲ ಬೇರೆ ಏನೇನೋ ಹೇಳಿದ್ದೇನೆ, ಇದನ್ನು ಹೇಳಿರಲಿಲ್ಲ. ಇದನ್ನು ಹೇಳಿದರೆ ಆ ಡಾಕ್ಟರ ತಪ್ಪಿನ ಜೊತೆಗೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ.

ಅವರನ್ನು ಇಲ್ಲಿ ಡಾಕ್ಟರ್ ಹಂಚಿನಾಳ ಎಂದು ಕರೆಯುತ್ತೇನೆ. ಆಗ ಅವರಿಗೆ ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಕೋಟು, ಕೆಳದನಿಯ ಮಾತು, ಎಡಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ. ಚಿಕ್ಕಂದಿನಿಂದ ಅವರ ಆ ಕಿವಿ ಸೋರುತ್ತಿತ್ತು. ರೋಗಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಚೀಟಿ ಬರೆಯಲು ಶುರು ಮಾಡುವುದು ಅವರ ಪದ್ಧತಿ. ಹೆಚ್ಚಿನ ಕಾಯಿಲೆಗಳನ್ನು ಅವರು ಕುರ್ಚಿಯಿಂದ ಏಳದೆಯೇ ಗುರುತಿಸುತ್ತಿದ್ದರು, ಹಲವು ಸಲ ಅದು ಸರಿಯೂ ಇರುತ್ತಿತ್ತು. ಅದಕ್ಕೇ ಜನ ಅವರನ್ನು ನಂಬುತ್ತಿದ್ದರು.

ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕಿವಿನೋವಿನವರೇ ಬಹಳ. ಕಿವಿನೋವಿನಲ್ಲಿ ಎರಡು ಬಗೆ ಎಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದಾಗ ಅಥವಾ ಕಿವಿಯ ಬಾಯಿಗೆ ಅಡ್ಡವಿರುವ ಸಣ್ಣ ಮೆತ್ತನೆಯ ಎಲುಬನ್ನು ಒತ್ತಿದಾಗ ನೋವು ಹೆಚ್ಚಾದರೆ ಸೋಂಕು ಸಾಮಾನ್ಯವಾಗಿ ಹೊರಗಿನ ಕೊಳವೆಯಲ್ಲಿರುತ್ತದೆ. ಬೆಂಕಿಕಡ್ಡಿ ಹಾಕಿ ಕೆರೆದುಕೊಂಡವರಲ್ಲಿ, ಕಿವಿಯಲ್ಲಿ ನೀರು ನಿಂತವರಲ್ಲಿ ಇದು ಕಾಣುತ್ತದೆ, ದೊಡ್ಡವರಲ್ಲೇ ಹೆಚ್ಚು. ನೆಗಡಿಯಾಗಿ ನಾಲ್ಕು ದಿನಕ್ಕೆ ಜ್ವರ ಬಂದು, ಮಗು ಕಿವಿ ಹಿಡಿದುಕೊಂಡು ಅತ್ತರೆ ಅದು ಪರದೆಯ ಹಿಂದಿನ, ಅಂದರೆ ನಡುಗಿವಿಯ ಸೋಂಕು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಳಿಕೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಆದ್ದರಿಂದ ನೆಗಡಿ ಬೇಗ ಕಿವಿಗೆ ಏರುತ್ತದೆ. ಕೀವು ತುಂಬಿ ಪರದೆ ಹರಿದರೆ ಕಿವಿ ಸೋರುತ್ತದೆ, ನೋವು ಒಮ್ಮೆಗೇ ಇಳಿಯುತ್ತದೆ. ತಾಯಂದಿರು ಆಗ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಎಷ್ಟೋ ಮಕ್ಕಳಿಗೆ ನಿಜವಾಗಿಯೂ ವಾಸಿಯಾಗುತ್ತದೆ. ಆಗದವರನ್ನು ಗುರುತಿಸುವುದೇ ನಮ್ಮ ಕೆಲಸ.

ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಎಲುಬಿಗೆ ಮಾಸ್ಟಾಯ್ಡ್ ಎನ್ನುತ್ತಾರೆ. ಒಳಗೆ ಅದು ಜೇನುಹುಟ್ಟಿನಂತೆ ತೂತುತೂತಾಗಿರುತ್ತದೆ. ನಡುಗಿವಿಯ ಕೀವು ಅದರೊಳಗೆ ಇಳಿದರೆ ಕಿವಿಯ ಹಿಂದೆ ಕೆಂಪಗೆ ಬಾವು ಏಳುತ್ತದೆ, ಕಿವಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಆ ಎಲುಬಿನ ಆಚೆ ಇರುವುದು ಮೆದುಳು. ಅಂಥ ಮಗುವನ್ನು ಒಂದು ದಿನವೂ ಇಟ್ಟುಕೊಳ್ಳಬಾರದು, ಆಪರೇಷನ್ ಇರುವ ಊರಿಗೆ ಕಳಿಸಬೇಕು.

ಇಷ್ಟು ನನಗೆ 1960ರಲ್ಲೇ ಗೊತ್ತಿತ್ತು.

ಆ ವರ್ಷದ ಚಳಿಗಾಲದಲ್ಲಿ ಒಂದು ಮಂಗಳವಾರ ಜೈನಾಪುರದಿಂದ ಬೌರವ್ವ ಎಂಬಾಕೆ ತನ್ನ ಐದು ವರ್ಷದ ಮಗಳು ಸೋನವ್ವನನ್ನು ಬಗಲಲ್ಲಿ ಹೊತ್ತು ನಡೆದು ಬಂದಳು. ಹುಡುಗಿಯ ಬಲಗಿವಿ ಮೂರು ವಾರದಿಂದ ಸೋರುತ್ತಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದರು. ಎರಡು ದಿನದಿಂದ ಸೋರುವುದು ನಿಂತಿತ್ತು, ಆದರೆ ಜ್ವರ ಏರಿತ್ತು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಬಲಗಿವಿ ಎಡಗಿವಿಗಿಂತ ಮುಂದೆ ಬಂದು ನಿಂತಿತ್ತು. ಅದರ ಹಿಂದೆ ನಿಂಬೆಹಣ್ಣಿನ ಹೋಳಿನಷ್ಟು ಕೆಂಪು ಬಾವು. ಬೆರಳು ತಾಗಿಸಿದೆ, ಮಗು ಚೀರಿತು.

ನಾನು ಮಗುವನ್ನು ಡಾಕ್ಟರ ಮುಂದೆ ನಿಲ್ಲಿಸಿ, ಮಾಸ್ಟಾಯ್ಡ್ ಇರಬಹುದು, ಇವತ್ತೇ ವಿಜಾಪುರಕ್ಕೆ ಕಳಿಸೋಣ ಎಂದೆ. ಅವರು ಮೇಜಿನ ಆಚೆಯಿಂದಲೇ ಒಮ್ಮೆ ನೋಡಿ ಚೀಟಿ ಬರೆಯತೊಡಗಿದರು. ಬಾವು ಎಲುಬಿನದಲ್ಲ, ಚರ್ಮದ ಗಡ್ಡೆ, ಪೆನ್ಸಿಲಿನ್ ಕೊಡಿ, ಕಿವಿ ಒರೆಸಿ ಬೋರಿಕ್ ಪುಡಿ ಹಾಕಿ ಎಂದರು. ಎದ್ದು ಬಂದು ಒಮ್ಮೆ ಮುಟ್ಟಿ ನೋಡಿ ಎಂದು ಎರಡನೇ ಸಲ ಕೇಳಿದೆ. ಆಗ ಅವರು ತಲೆಯೆತ್ತಿದರು.

"ನನ್ನ ಕಿವಿ ನಲವತ್ತು ವರ್ಷದಿಂದ ಸೋರಾಕತ್ತೈತಿ. ನಾ ಸತ್ತೇನೇನು? ನೀವು ಸೂಜಿ ಮಾಡ್ರಿ."

ಸೂಜಿ ಮಾಡಿದೆ. ಹತ್ತಿಯ ಬತ್ತಿಯಿಂದ ಕಿವಿ ಒರೆಸಿದೆ. ಹೊರಗಿನ ಕಟ್ಟೆಯ ಮೇಲೆ ಮಗುವಿನ ತಲೆಗೆ ಮತ್ತೆ ಬಟ್ಟೆ ಸುತ್ತುವಾಗ ಬೌರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗಿನ ಮಾತು ಆಕೆಗೆ ಅರ್ಧಮರ್ಧ ಕೇಳಿಸಿತ್ತು.

"ಬಾಯಾರ, ನಿಮಗ ಏನ ಅನಸತೈತ್ರಿ?"

ವಿಜಾಪುರಕ್ಕೆ ಹೋಗುವ ಬಸ್ಸು ದವಾಖಾನೆಯ ಎದುರಿಗೇ ನಿಂತಿತ್ತು. ಹತ್ತಿಸಿ ಕಳಿಸಬಹುದಿತ್ತು. ನಾನು, ಸಾಹೇಬರು ಹೇಳಿದಂತೆ ಮಾಡಿ, ಶುಕ್ರವಾರ ಬನ್ನಿ ಎಂದೆ.

ಆಕೆ ಶುಕ್ರವಾರ ಬಂದಳು. ಮಗುವಿಗೆ ಹಿಂದಿನ ದಿನದಿಂದ ವಾಂತಿ, ಕಣ್ಣು ತೇಲುತ್ತಿತ್ತು, ಕತ್ತು ಬಗ್ಗುತ್ತಿರಲಿಲ್ಲ. ಅವತ್ತೂ ಹಂಚಿನಾಳರು ಬಹಳ ಹೊತ್ತು ನೋಡಲಿಲ್ಲ. ಕೂಡಲೇ ವಿಜಾಪುರಕ್ಕೆ ಒಯ್ಯಿರಿ ಎಂದರು. ಸೋನವ್ವ ಅಲ್ಲಿ ಶನಿವಾರ ಮಧ್ಯಾಹ್ನ ತೀರಿಕೊಂಡಳು. ಕೀವು ಮೆದುಳಿಗೆ ಹತ್ತಿತ್ತು.

ಜೈನಾಪುರದ ಶಾಲೆಯ ಮಾಸ್ತರರೊಬ್ಬರು ಬೌರವ್ವನ ಪರವಾಗಿ ಟ್ರಸ್ಟಿಗೆ ಅರ್ಜಿ ಬರೆದರು. ಕಾರ್ಯದರ್ಶಿ ವಿಚಾರಣೆಗೆ ಬಂದಾಗ ಮಂಗಳವಾರದ ಕೇಸ್ ಪೇಪರನ್ನು ನನ್ನ ಮುಂದಿಟ್ಟರು. ಕೊನೆಯ ಸಾಲು ಡಾಕ್ಟರ ಕೈಬರಹದಲ್ಲೇ ಇತ್ತು: ಕಿವಿಯ ಹಿಂದೆ ಬಾವು, ಇಂದೇ ವಿಜಾಪುರಕ್ಕೆ ಒಯ್ಯಲು ನರ್ಸ್ ಮೂಲಕ ತಿಳಿಸಲಾಗಿದೆ. ಮೇಲಿನ ಸಾಲುಗಳಿಗಿಂತ ಶಾಯಿ ಕಪ್ಪಾಗಿತ್ತು. ಈ ಸಾಲು ಅವತ್ತು ಇರಲಿಲ್ಲ, ವಿಜಾಪುರಕ್ಕೆ ಕಳಿಸೋಣ ಎಂದವಳು ನಾನು ಎಂದೆ. ಹಂಚಿನಾಳರು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಮಗುವಿಗೆ ಅಷ್ಟು ಅಪಾಯವಿದೆ ಎಂದು ನಿಮಗೆ ಗೊತ್ತಿದ್ದರೆ ತಾಯಿಗೆ ಯಾಕೆ ಹೇಳಲಿಲ್ಲ ಎಂದು ಕಾರ್ಯದರ್ಶಿ ಕೇಳಿದರು. ಡಾಕ್ಟರ ಸೂಚನೆಯನ್ನು ರೋಗಿಗೆ ತಲುಪಿಸುವಲ್ಲಿ ನಿರ್ಲಕ್ಷ್ಯ ಎಂದು ನನ್ನ ಸೇವಾ ಪುಸ್ತಕದಲ್ಲಿ ಬರೆದರು. ತಿಕೋಟಾಕ್ಕೆ ವರ್ಗ ಮಾಡಿದರು.

ವಿಚಾರಣೆಯ ತೀರ್ಪು ಜೈನಾಪುರಕ್ಕೂ ಮುಟ್ಟಿತು. ನಾನು ಟ್ರಂಕು ಹಿಡಿದು ಬಸ್ಸಿಗೆ ನಿಂತ ದಿನ ಬೌರವ್ವ ಬಂದು ಎದುರಿಗೆ ನಿಂತಳು. ಕೂಗಾಡಲಿಲ್ಲ.

"ಸಾಹೇಬರು ಹೇಳಿದ್ರಂತ, ನೀ ನನಗ ಹೇಳಲಿಲ್ಲಂತ. ಹೇಳೂ ಹೊತ್ತಿನ್ಯಾಗ ಹೇಳದ ಬಾಯಿ ಇದ್ದರೇನು. ಬಿದ್ದ ಹೋಗಲಿ ಅದು."

ನಡೆದದ್ದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಆಕೆ ಕಾಲಬುಡದ ಮಣ್ಣು ತೆಗೆದು ನನ್ನ ಸೀರೆಯ ಮೇಲೆ ಎಸೆದು ಹೋದಳು. ಬಸ್ಸಿನ ಮಂದಿಯೆಲ್ಲ ನೋಡಿದರು. ಇಟ್ಟಂಗಿಹಾಳ ದಾಟಿ ತಿಕೋಟಾ ಮುಟ್ಟುವವರೆಗೆ ನಾನು ಆ ಮಣ್ಣು ಕೊಡವಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಒಂದೇ ವಿಚಾರ: ಹಂಚಿನಾಳ ಎಂದಾದರೂ ನನ್ನ ಕೈಗೆ ಸಿಗಬೇಕು.

ತಿಕೋಟಾದಲ್ಲಿ ಮೂರು ವರ್ಷ ಇದ್ದೆ. ಕಿವಿಗಳನ್ನು ನೋಡುವುದನ್ನು ನಾನು ಹಗೆಯಿಂದಲೇ ಕಲಿತೆ. ಇನ್ನು ಯಾವ ಡಾಕ್ಟರೂ ಕುರ್ಚಿಯಲ್ಲಿ ಕುಳಿತು ನನ್ನ ಬಾಯಿ ಮುಚ್ಚಿಸಬಾರದು ಎಂಬ ಹಟ. ವಿಜಾಪುರದ ನಮ್ಮ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಸರ್ಜನ್ ಆಗಿದ್ದ ಡಾಕ್ಟರ್ ಇನಾಮದಾರರು ತಿಂಗಳಿಗೆ ಎರಡು ಸಲ ತಿಕೋಟಾಕ್ಕೆ ಬರುತ್ತಿದ್ದರು. ತಲೆಗೆ ಕನ್ನಡಿ ಕಟ್ಟಿಕೊಂಡು ಬೆಳಕನ್ನು ಕಿವಿಯೊಳಗೆ ಬಿಡುವುದನ್ನು ಅವರೇ ನನಗೆ ಕಲಿಸಿದರು. ಆರೋಗ್ಯವಾಗಿರುವ ಪರದೆ ಮುತ್ತಿನ ಬಣ್ಣದಲ್ಲಿ ಹೊಳೆಯುತ್ತದೆ. ಸೋಂಕಾದಾಗ ಕೆಂಪಾಗಿ ಉಬ್ಬಿರುತ್ತದೆ. ಪರದೆಯ ನಡುವೆ ತೂತು ಬಿದ್ದು, ತೆಳುವಾಗಿ ಬಹಳ ಸೋರುವ ಕಿವಿ ಸಾಮಾನ್ಯವಾಗಿ ಜೀವಕ್ಕೆ ಅಪಾಯದ್ದಲ್ಲ. ಅದನ್ನು ಒಣಗಿಸಿ ಇಟ್ಟರೆ ಎಷ್ಟೋ ಸಲ ನಿಲ್ಲುತ್ತದೆ. ಸ್ವಲ್ಪವೇ ಸೋರಿ, ಕೆಟ್ಟ ನಾತ ಬರುವ ಕಿವಿಗೆ ಮಾತ್ರ ಹೆದರಬೇಕು. ಅಲ್ಲಿ ಚರ್ಮ ಒಳಗೆ ಬೆಳೆದು ಗಂಟಾಗಿ, ಸುತ್ತಲಿನ ಎಲುಬನ್ನು ತಿನ್ನುತ್ತಿರುತ್ತದೆ. ಅದಕ್ಕೆ ಕೊಲೆಸ್ಟಿಯಟೋಮಾ ಎಂದು ಹೆಸರು. ಅದು ಔಷಧಿಗೆ ಬಗ್ಗುವುದಿಲ್ಲ, ಆಪರೇಷನ್ ಒಂದೇ ದಾರಿ.

ಕಿವಿಗೆ ಎಣ್ಣೆ, ಉಳ್ಳಾಗಡ್ಡಿ ರಸ, ಎದೆಹಾಲು ಬಿಡಬೇಡಿ, ಸೋರುವ ಕಿವಿಗೆ ನೀರು ಹೊಡೆಯಬೇಡಿ, ಮಲಗಿಸಿಕೊಂಡು ಹಾಲು ಕುಡಿಸಬೇಡಿ, ಕೂಸಿನ ತಲೆ ಎತ್ತಿ ಹಿಡಿಯಿರಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಆ ಕಡೆ ನರ್ಸನ್ನು ಬಾಯಿ, ಬಾಯಾರ ಎನ್ನುತ್ತಾರೆ, ಜನ ನನ್ನನ್ನು ಕಿವಿ ಬಾಯಿ ಎಂದು ಕರೆಯತೊಡಗಿದರು. ಒಳ್ಳೆಯ ಕೆಲಸ ಮಾಡುತ್ತೀ ಎಂದು ಇನಾಮದಾರರು ಮೆಚ್ಚುತ್ತಿದ್ದರು. ಪ್ರತಿಯೊಂದು ಕಿವಿಯೊಳಗೆ ಬೆಳಕು ಬಿಡುವಾಗಲೂ ನಾನು ಹಂಚಿನಾಳರನ್ನು ನೆನೆಯುತ್ತಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. 1964ರಲ್ಲಿ ಅವರು ನನ್ನನ್ನು ವಿಜಾಪುರದ ತಮ್ಮ ವಾರ್ಡಿಗೆ ಕರೆಸಿಕೊಂಡರು.

1967ರ ಬೇಸಿಗೆ ಮುಗಿಯುತ್ತಿದ್ದ ಕಾಲ. ಒಂದು ಸೋಮವಾರ ಹೊರರೋಗಿಗಳ ಸಾಲಿನಲ್ಲಿ ನಿಲ್ಲದೆ ನೇರ ಒಳಗೆ ಬಂದವರನ್ನು ನೋಡಿದರೆ ಹಂಚಿನಾಳರು. ಟ್ರಸ್ಟಿನ ಕೆಲಸ ಬಿಟ್ಟು ಶಹರದಲ್ಲೇ ಸ್ವಂತ ದವಾಖಾನೆ ಇಟ್ಟಿದ್ದಾರೆಂದು ಕೇಳಿದ್ದೆ. ಮೈ ಇಳಿದಿತ್ತು, ಕೋಟು ಹಾಗೇ ಇತ್ತು. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಆರು ವರ್ಷ ನಾನು ದಿನವೂ ನೆನೆದ ಮನುಷ್ಯನಿಗೆ ನಾನು ಯಾರೆಂದೇ ತಿಳಿಯಲಿಲ್ಲ. ಸೇವಾ ಪುಸ್ತಕದ ಆ ಸಾಲಿಗಿಂತ ಇದು ಹೆಚ್ಚು ಉರಿಯಿತು.

ಅವರ ಎಡಗಿವಿಯ ಹತ್ತಿ ತೆಗೆದ ಕೂಡಲೇ ಕೊಳೆತ ನಾತ ಬಂತು. ಇನಾಮದಾರರು ಬಹಳ ಹೊತ್ತು ನೋಡಿದರು. ಗಂಟು ಬೆಳೆದಿದೆ, ಎಲುಬು ತಿಂದಿದೆ, ತಲೆ ತಿರುಗುತ್ತದೆ ಎಂದರೆ ಒಳಗಿವಿಯವರೆಗೂ ಹೋಗಿದೆ, ಈ ವಾರವೇ ಆಪರೇಷನ್ ಆಗಬೇಕು ಎಂದರು. ಮಗಳ ನಿಶ್ಚಯ ಇದೆ, ಅದು ಮುಗಿಸಿಕೊಂಡು ಬರುತ್ತೇನೆ ಎಂದು ಹಂಚಿನಾಳರು ಎದ್ದರು. ಇನಾಮದಾರರು ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗಲಿ, ಇನ್ನಷ್ಟು ತಡ ಮಾಡಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೂರು ವಾರ ಕಳೆದ ಮೇಲೆ ಜ್ವರ ಮತ್ತು ಎಡಭಾಗದ ತಲೆನೋವು ಹೊತ್ತು ಬಂದರು. ನಾಲ್ಕನೇ ಹಾಸಿಗೆ ಕೊಟ್ಟೆವು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಸಕ್ಕರೆಯನ್ನೂ ಜ್ವರವನ್ನೂ ಇಳಿಸಿಕೊಂಡು ಶುಕ್ರವಾರ ಆಪರೇಷನ್ ಎಂದು ಇನಾಮದಾರರು ನಿರ್ಧರಿಸಿದರು. ನನ್ನನ್ನು ಎದುರು ನಿಲ್ಲಿಸಿ ಹೇಳಿದರು: ಬಾಯಿ ಸೊಟ್ಟಗಾಗುವುದು, ವಾಂತಿ, ಮಂಪರು, ನಾಡಿ ನಿಧಾನವಾಗುವುದು, ಈ ನಾಲ್ಕರಲ್ಲಿ ಒಂದು ಕಂಡರೂ ನಾನು ಎಲ್ಲಿದ್ದರೂ ಕರೆಯಬೇಕು.

ದಿನವೂ ಬೆಳಿಗ್ಗೆ ಅವರ ಕಿವಿ ಒರೆಸುವುದು ನನ್ನ ಪಾಲಿಗೆ ಬಂತು. ಎರಡನೇ ದಿನ ಅವರು, ನಿಮ್ಮ ಕೈ ಬಹಳ ಹಗುರ, ಮೊದಲು ಎಲ್ಲಿದ್ದಿರಿ ಎಂದು ಕೇಳಿದರು. ಬಬಲೇಶ್ವರ ಎಂದೆ.

"ಹೌದೇನು? ನಾನೂ ಅಲ್ಲಿದ್ನಿ. ನಾ ಬಿಟ್ಟ ಮ್ಯಾಲ ಬಂದಿರಬೇಕು ನೀವು."

ಅವತ್ತೇ, ಮೊಮ್ಮಗುವಿನ ಆರೈಕೆಗೆ ಬಂದು ಊರಿಗೆ ಮರಳುತ್ತಿದ್ದ ಜೈನಾಪುರದ ಒಬ್ಬ ಮುದುಕಿಯ ಕೈಲಿ ಬೌರವ್ವನಿಗೆ ಹೇಳಿ ಕಳಿಸಿದೆ: ಸೋನವ್ವನನ್ನು ನೋಡಿದ ಡಾಕ್ಟರು ಇಲ್ಲಿ ಮಲಗಿದ್ದಾರೆ, ಬಂದರೆ ನಿಜ ಏನೆಂದು ಅವರ ಬಾಯಿಂದಲೇ ಕೇಳಬಹುದು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಹೋದಾಗ ಅವರು ಚಹಾ ಕುಡಿಯುತ್ತಿದ್ದರು. ಬಾಯಿಯ ಎಡ ಮೂಲೆಯಿಂದ ಚಹಾ ಗಲ್ಲದ ಮೇಲೆ ಇಳಿಯಿತು, ಅವರಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ಎಂದೆ. ಎಡಗಣ್ಣು ಅರ್ಧ ತೆರೆದೇ ಉಳಿಯಿತು. ನಾಡಿ ಹಿಡಿದೆ. ಹಿಂದಿನ ದಿನ ತೊಂಬತ್ತಾರು ಇದ್ದದ್ದು ಐವತ್ತೆಂಟಕ್ಕೆ ಇಳಿದಿತ್ತು. ಮುಖದ ನರಕ್ಕೆ ಹತ್ತಿದೆ, ತಲೆಬುರುಡೆಯೊಳಗೆ ಒತ್ತಡ ಏರುತ್ತಿದೆ. ಇದಕ್ಕೆ ನನಗೆ ಯಾರ ವಿವರಣೆಯೂ ಬೇಕಿರಲಿಲ್ಲ.

ಚಾರ್ಟ್ ತೆಗೆದುಕೊಂಡೆ. ನಾಡಿಯ ಮುಂದೆ ತೊಂಬತ್ತೆರಡು ಎಂದು ಬರೆದೆ.

ಹತ್ತಕ್ಕೆ ಇನಾಮದಾರರು ರೌಂಡಿಗೆ ಬಂದರು. ಗಂಟಲಿನ ಆಪರೇಷನ್ನಿಗೆ ಒಂದು ಮಗು ಟೇಬಲ್ ಮೇಲೆ ಕಾಯುತ್ತಿತ್ತು, ಅವರು ಅವಸರದಲ್ಲಿದ್ದರು. ಹಂಚಿನಾಳರು ಎಡಗಲ್ಲ ದಿಂಬಿಗೆ ಒತ್ತಿ ಮಂಪರಿನಲ್ಲಿದ್ದರು, ನೋಡಿದವರಿಗೆ ನಿದ್ದೆಯಂತೆ ಕಾಣುತ್ತಿತ್ತು. ಇನಾಮದಾರರು ಚಾರ್ಟ್ ನೋಡಿ, ಹೊಸದೇನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಸರ್ ಎಂದೆ. ಅವರು ಥಿಯೇಟರಿಗೆ ಹೋದರು. ಅವತ್ತಿನ ಮಟ್ಟಿಗೆ ಎದೆಯಲ್ಲಿ ಒಂದು ಬಗೆಯ ತಂಪು ಇತ್ತು. ಉಳಿದ ಹಾಸಿಗೆಗಳ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮುಗಿಸಿದೆ.

ಮಧ್ಯಾಹ್ನ ಹನ್ನೆರಡೂವರೆಗೆ ಬೌರವ್ವ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿ, ಎಲ್ಲಿದ್ದಾನೆ ಎಂದಷ್ಟೇ ಕೇಳಿದಳು. ನಾಲ್ಕನೇ ಹಾಸಿಗೆಯ ಎದುರಿಗೆ ಕರೆದೊಯ್ದೆ. ಆ ದಿನ ನಾನು ಎರಡು ಸಲ ಹೇಳಿದ್ದೆ, ಅವರು ಏಳಲಿಲ್ಲ, ಆಮೇಲೆ ಕಾಗದ ತಿದ್ದಿದರು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ನಿನ್ನ ಮಾತು ನಾನೇಕೆ ನಂಬಲಿ, ಅವನೇ ಹೇಳಲಿ ಎಂದು ಆಕೆ ಹಾಸಿಗೆಯ ಹತ್ತಿರ ಹೋಗಿ ಬಾಗಿದಳು. ಅದೇ ಹೊತ್ತಿಗೆ ಹಂಚಿನಾಳರು ಮಗ್ಗುಲಾಗಿ ವಾಂತಿ ಮಾಡಿಕೊಂಡರು. ಸೊಟ್ಟ ಬಾಯಿ ಪೂರ್ತಿ ಕಂಡಿತು. ಬೌರವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ಸೋನವ್ವನೂ ಹಿಂಗಽ ವಾಂತಿ ಮಾಡ್ಕೊಂಡಿತ್ತು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಏನ ನೋಡಕೋತ ನಿಂತೀ? ಇಂವ ಸತ್ರ ನನಗ ಉತ್ತರ ಯಾರ ಕೊಡಬೇಕು? ಹೋಗ, ಡಾಕ್ಟರನ ಕರಿ."

ನಾನು ಓಡಿದೆ. ಇನಾಮದಾರರು ಬಂದು ಕಣ್ಣು, ಮುಖ, ನಾಡಿ ನೋಡಿದರು, ಚಾರ್ಟ್ ನೋಡಿದರು, ಥಿಯೇಟರ್ ಸಜ್ಜು ಮಾಡಿ ಎಂದರು. ಎರಡು ಗಂಟೆಗೆ ಈಥರ್ ಕೊಟ್ಟು ಶುರು ಮಾಡಿದೆವು. ಮಾಸ್ಟಾಯ್ಡ್ ಆಪರೇಷನ್ನಿಗೆ ಉಪಕರಣ ಕೈಗೆ ಕೊಡಲು ಕಲಿತವಳು ಆಸ್ಪತ್ರೆಯಲ್ಲಿ ನಾನೊಬ್ಬಳೇ. ಕಿವಿಯ ಹಿಂದೆ ಕೊಯ್ದು, ಸಣ್ಣ ಉಳಿ ಸುತ್ತಿಗೆಗಳಿಂದ ಎಲುಬನ್ನು ಚೂರುಚೂರಾಗಿ ತೆಗೆಯಬೇಕು. ಮುಖದ ನರ ಅದರ ನಡುವೆಯೇ ಹಾದು ಹೋಗುತ್ತದೆ. ಒಂದೊಂದು ಉಳಿಯನ್ನೂ ನಾನೇ ಕೊಟ್ಟೆ, ಒಂದೂ ತಪ್ಪು ಕೊಡಲಿಲ್ಲ. ಗಂಟು ತೆಗೆದ ಮೇಲೆ ಮೇಲಿನ ಎಲುಬು ಕರಗಿ ಹೋಗಿದ್ದು ಕಂಡಿತು. ಅಲ್ಲಿಂದ ಮೆದುಳಿನ ಹೊದಿಕೆಯ ಮೇಲೆ ನಿಂತಿದ್ದ ಕೀವು ಒತ್ತಡದಿಂದ ಹೊರಗೆ ಚಿಮ್ಮಿತು. ಹೊದಿಕೆ ಹರಿದಿರಲಿಲ್ಲ. ಸಂಜೆಗೆ ಮುಂಚೆ ಇನಾಮದಾರರು ಕೈತೊಳೆಯುತ್ತ, ಬದುಕುತ್ತಾರೆ ಎಂದರು.

ಬದುಕಿದರು. ಎಡಗಿವಿ ಪೂರ್ತಿ ಹೋಯಿತು, ಬಾಯಿ ಸೊಟ್ಟಗೇ ಉಳಿಯಿತು.

ಬೌರವ್ವ ಊರಿಗೆ ಹೋಗಲಿಲ್ಲ. ಶಹರದಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದು, ದಿನವೂ ಭೇಟಿಯ ಹೊತ್ತಿಗೆ ಬಂದು ನಾಲ್ಕನೇ ಹಾಸಿಗೆಯ ಎದುರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಮಾತಿಲ್ಲ, ಬೈಗುಳವಿಲ್ಲ. ಬರೀ ಅವರನ್ನು ನೋಡುವುದು. ಮೂರನೇ ದಿನ ಹಂಚಿನಾಳರು ಅವಳಾರು ಎಂದು ನನ್ನನ್ನು ಕೇಳಿದರು. ಜೈನಾಪುರದ ಸೋನವ್ವನ ತಾಯಿ ಎಂದೆ. ನಾನು ಆ ನರ್ಸ್ ಎಂದೂ ಹೇಳಿದೆ. ನನಗೇನೂ ನೆನಪಿಲ್ಲ ಎಂದು ಗೋಡೆಯ ಕಡೆ ಹೊರಳಿದರು. ಆಕೆ ಮರುದಿನ ಅವರು ಹೊರಳಿದ ಕಡೆಗೇ ಹೋಗಿ, ಹಾಸಿಗೆಗೂ ಗೋಡೆಗೂ ನಡುವೆ ಕುಳಿತಳು.

ಅವರ ಮನೆಯವರು ಆಕೆಯನ್ನು ಹೊರಗೆ ಕಳಿಸಿ ಎಂದು ಗಲಾಟೆ ಮಾಡಿದರು. ಭೇಟಿಯ ಹೊತ್ತಿನಲ್ಲಿ ಯಾರು ಬೇಕಾದರೂ ಬರಬಹುದು ಎಂದು ನಾನು ನಿಯಮ ತೋರಿಸಿದೆ. ಆ ಹತ್ತು ದಿನ ನಾನು ಹಬ್ಬದಂತೆ ಕಳೆದೆ. ಅವರ ಜೊಲ್ಲು ಸೋರಿದರೆ ಒರೆಸಲು ತಡ ಮಾಡುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ನಿಜ.

ಹನ್ನೊಂದನೇ ದಿನ ಅವರು ಆಕೆಯನ್ನು ಹತ್ತಿರ ಕರೆದರು. ಇನಾಮದಾರರೂ ಅಲ್ಲೇ ಇದ್ದರು. ಮಾತು ತೊದಲುತ್ತಿತ್ತು.

"ಬಾವು ಇತ್ತು. ನರ್ಸ್ ಹೇಳಿದ್ಲು. ನಾ ಎದ್ದು ನೋಡಲಿಲ್ಲ. ಕಾಗದದಾಗಿನ ಸಾಲು ಆಮ್ಯಾಲ ಬರದ್ನಿ."

ಬೌರವ್ವ, ಸರಿಯಾಗಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು ಎಂದಳು. ಅವರು ಹೇಳಿದರು. ಆಕೆ ಮೂರನೇ ಸಲವೂ ಹೇಳಿಸಿದಳು. ನಾನು ಕಾಗದ, ಪೆನ್ನು ತಂದು ಅವರ ಮುಂದಿಟ್ಟೆ. ಟ್ರಸ್ಟಿನ ಕಾರ್ಯದರ್ಶಿಗೆ ಅದನ್ನೇ ಬರೆದು ಸಹಿ ಮಾಡಿದರು. ಬರೆಯುವಾಗ ಕಾಗದದ ಮೇಲೆ ಜೊಲ್ಲು ಬಿತ್ತು. ಎರಡು ತಿಂಗಳ ನಂತರ ನನ್ನ ಸೇವಾ ಪುಸ್ತಕದ ಸಾಲನ್ನು ಹೊಡೆದು ಹಾಕಿದರು. ನಾನು ಬಯಸಿದ್ದೆಲ್ಲ ಸಿಕ್ಕಿತು.

ಹಂಚಿನಾಳರು ಒಪ್ಪಿಕೊಂಡ ದಿನವೇ ಬೌರವ್ವ ಹೊರಡುವಾಗ ನಾನು ಜಗಲಿಯವರೆಗೆ ಹೋದೆ. ಆಕೆ ನನಗೆ ಒಂದು ಒಳ್ಳೆಯ ಮಾತು ಹೇಳುತ್ತಾಳೆ, ಬಸ್ ಸ್ಟ್ಯಾಂಡಿನಲ್ಲಿ ಮಣ್ಣು ಎಸೆದದ್ದಕ್ಕೆ ನೊಂದುಕೊಳ್ಳುತ್ತಾಳೆ ಎಂದು ಕಾದಿದ್ದೆ. ಆಕೆ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ಅವತ್ತ ನಾ ಬರೂಕಿಂತ ಮೊದಲ ನೀ ಅಂವನ ಮಾರಿ ನೋಡಿದ್ದಿಲ್ಲೇನ?"

ನನ್ನ ಮುಖ ನೋಡಿ ಆಕೆಯೇ ಉತ್ತರ ಹೇಳಿದಳು.

"ನೋಡಿದ್ದಿ. ಸೋನವ್ವನ ಕಿವಿನೂ ನೋಡಿದ್ದಿ. ಎರಡೂ ಸಲ ನಿನಗ ಗೊತ್ತಿತ್ತು, ಎರಡೂ ಸಲ ಸುಮ್ಮನಿದ್ದಿ. ಅಂವಗ ಕೇಡ ಮಾಡೂದಿದ್ರ ನಿನ್ನ ಸಲುವಾಗಿ ಮಾಡ್ಕೋ. ನನ್ನ ಮಗಳ ಹೆಸರಲೆ ಮಾಡಬ್ಯಾಡ."

ಇಷ್ಟು ಹೇಳಿ ಹೋದಳು. ಆಕೆಯನ್ನು ನಾನು ನೋಡಿದ್ದು ಅದೇ ಕೊನೆ.

ಆ ಮಧ್ಯಾಹ್ನ ಇನಾಮದಾರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಎಂಟು ಗಂಟೆಗೆ ಕಂಡದ್ದು, ನಾಡಿಯ ಸುಳ್ಳು ಅಂಕಿ, ಹತ್ತು ಗಂಟೆಯ ಸುಳ್ಳು ಮಾತು, ಎಲ್ಲ. ಅವರಿಗೆ ಆಪರೇಷನ್ನಿನ ದಿನವೇ ಅನುಮಾನ ಬಂದಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆ ಚಾರ್ಟ್ ತರಿಸಿ ನನ್ನ ಮುಂದಿಟ್ಟರು. ತೊಂಬತ್ತೆರಡನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಐವತ್ತೆಂಟು ಎಂದು ಬರೆದೆ. ಬಾಯಿ ಸೊಟ್ಟಗಾದದ್ದು ಬೆಳಿಗ್ಗೆ ಎಂಟಕ್ಕೆ ಕಂಡಿತು, ಹನ್ನೆರಡೂ ಮುಕ್ಕಾಲರವರೆಗೆ ತಿಳಿಸಲಿಲ್ಲ ಎಂದು ಬರೆದು, ಬರೆದ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಅವರು ನನ್ನನ್ನು ಎರಡು ತಿಂಗಳು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದರು. ಎಂಟು ಗಂಟೆಗೇ ಹೇಳಿದ್ದರೆ ಹಂಚಿನಾಳರ ಮುಖ ಉಳಿಯುತ್ತಿತ್ತೇ ಎಂದು ಕೇಳಿದೆ.

"ಗೊತ್ತಿಲ್ರಿ. ಅದು ನಿಮಗೂ ಗೊತ್ತಾಗೂದಿಲ್ಲ," ಎಂದರು.

ಹಂಚಿನಾಳರನ್ನು ನಾನು ಕ್ಷಮಿಸಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಮಗುವಿನ ಕಿವಿ ಒರೆಸುತ್ತಿದ್ದೆ, ಒರೆಸುವುದನ್ನು ಮುಗಿಸಿದೆ. ಬೌರವ್ವ ನನ್ನನ್ನು ಕ್ಷಮಿಸಬೇಕೆಂದೂ ಕೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಿವಿಯ ಹಿಂದೆ ಬಾವು, ತಡೆಯಲಾಗದ ತಲೆನೋವು, ವಾಂತಿ, ತಲೆ ತಿರುಗುವುದು, ಬಾಯಿ ಸೊಟ್ಟಗಾಗುವುದು, ಇವುಗಳನ್ನು ಕಂಡವರು ಕಂಡ ಕೂಡಲೇ ಬಾಯಿಬಿಟ್ಟು ಹೇಳಬೇಕು. ಡಾಕ್ಟರಿಗೆ ಹೇಳಿದರೆ ಸಾಲದು, ತಾಯಿಗೂ ಕೇಳಿಸುವಂತೆ ಹೇಳಬೇಕು. ಹಾಸಿಗೆಯಲ್ಲಿ ಮಲಗಿದವರು ಯಾರು ಎಂದು ನೋಡುತ್ತ ನಿಲ್ಲಬಾರದು. ನನ್ನ ಕೈಕೆಳಗೆ ಕಲಿತ ನರ್ಸ್‌ಗಳಿಗೆಲ್ಲ ಇದನ್ನು ಹೇಳಿಕೊಟ್ಟೆ. ಯಾಕೆ ಎಂದು ಹೇಳಲಿಲ್ಲ.

ವಾರ್ಡಿಗೆ ಮರಳಿದ ವರ್ಷವೇ ಜೈನಾಪುರದಿಂದ ಕಿವಿ ಸೋರುವ ಮಕ್ಕಳನ್ನು ಎತ್ತಿಕೊಂಡು ಹೆಂಗಸರು ಬರತೊಡಗಿದರು. ಬಬಲೇಶ್ವರ ದಾಟಿ, ಅಷ್ಟು ದೂರ, ಹೆಸರು ಹಿಡಿದು ನನ್ನನ್ನೇ ಕೇಳಿಕೊಂಡು. ಯಾರು ಕಳಿಸಿದರು ಎಂದು ಒಬ್ಬಾಕೆಯನ್ನು ಕೇಳಿದೆ. ಬೌರವ್ವ ಎಂದಳು. ಏನು ಹೇಳಿ ಕಳಿಸಿದಳು ಎಂದೆ. ಆಕೆ ಹೇಳಲೋ ಬೇಡವೋ ಎಂದು ಸ್ವಲ್ಪ ಅನುಮಾನಿಸಿ, ಮಗುವನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹೇಳಿದಳು:

"ಆಕಿ ಕೆಟ್ಟಾಕಿ ಅದಾಳ, ಆದ್ರ ಇನ್ನ ಸುಮ್ಮನಿರಾಕಿ ಅಲ್ಲ, ಹೋಗ್ರಿ ಅಂದಾಳ್ರಿ."